ಹನ್ನೊಂದೂವರೆಗೆ ನೀರಿಗೆ ಇಳಿದವರು

ಮಾರ್ಚ್ 6, ಶುಕ್ರವಾರ

ವಿಮೆ ಕಂಪನಿಯವರು ಪ್ರತಿ ವರ್ಷ ನಮ್ಮ ಡೈವಿಂಗ್ ಶಾಲೆಗೆ ಒಂದು ಡೈರಿ ಕಳಿಸುತ್ತಾರೆ. ನೀಲಿ ರಟ್ಟು, ಪ್ರತಿ ಪುಟದ ಅಡಿಯಲ್ಲಿ ಅವರ ಇಪ್ಪತ್ನಾಲ್ಕು ಗಂಟೆಯ ಫೋನ್ ನಂಬರು. ಒಂಬತ್ತು ವರ್ಷದಿಂದ ಅದು ನನ್ನ ಮೇಜಿನ ಮೇಲೆ ಟೀ ಲೋಟದ ಅಡಿಗೆ ಇಡುವುದಕ್ಕಷ್ಟೇ ಉಪಯೋಗವಾಗಿದೆ. ಈ ವರ್ಷದ್ದಕ್ಕೆ ಬೇರೆ ಯೋಗ ಬಂತು. ನಮ್ಮ ಮನೆಯವರು ನಲವತ್ತೇಳನೇ ವಯಸ್ಸಿನಲ್ಲಿ ಸಮುದ್ರದ ತಳ ನೋಡಲು ಹೊರಟಿದ್ದಾರೆ. ಅವರ ಬಡಾಯಿಗೆ ಎಲ್ಲಾದರೂ ಒಂದು ದಾಖಲೆ ಇರಬೇಕಲ್ಲ.

ಇವರು ಸಿಟಿ ಬಸ್ಸಿನ ಚಾಲಕರು. ಇಪ್ಪತ್ತೆರಡು ವರ್ಷದಿಂದ ಅದೇ ದಾರಿ, ಅದೇ ಮೂವತ್ತೊಂದು ನಿಲ್ದಾಣ. ಕಳೆದ ತಿಂಗಳು ಊಟದ ನಡುವೆ ಇದ್ದಕ್ಕಿದ್ದಂತೆ, "ಒಂಬತ್ತು ವರ್ಷದಿಂದ ಊರ ಜನರನ್ನೆಲ್ಲ ಸಮುದ್ರಕ್ಕೆ ಕಳಿಸ್ತಾ ಇದೀಯ. ನಿನ್ನ ಗಂಡ ಮಾತ್ರ ಡಿಪೋದಿಂದ ಮಾರ್ಕೆಟ್ಟು, ಮಾರ್ಕೆಟ್ಟಿಂದ ಡಿಪೋ. ಇದು ನ್ಯಾಯಾನೇನೇ?" ಎಂದರು. ಸಿಬ್ಬಂದಿಯ ಮನೆಯವರಿಗೆಂದು ಒಂದು ಜಾಗ ಖಾಲಿ ಇತ್ತು, ಸೇರಿಸಿದೆ. ಈಜುಕೊಳದ ಮೂರು ದಿನ ಮುಗಿದಿದೆ. ಡೈವಿಂಗ್ ಕಲಿಸುವವರನ್ನು ನಾವೆಲ್ಲ ಮೇಷ್ಟ್ರು ಎನ್ನುತ್ತೇವೆ. ಅವರು ಇವತ್ತು ಬಂದು, "ನಿಮ್ಮ ಯಜಮಾನರು ನೀರೊಳಗೂ ಬಲಗಾಲಲ್ಲಿ ಬ್ರೇಕ್ ಒತ್ತುತ್ತಾರೆ" ಎಂದು ನಕ್ಕರು. ನಾಳೆ, ನಾಡಿದ್ದು ಸಮುದ್ರ.

ಮಧ್ಯಾಹ್ನ ಕೌಂಟರಿಗೆ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂತು. ಎಲ್ಲ ಹೊಸಬರೂ ಕೇಳುವ ಪ್ರಶ್ನೆಯನ್ನೇ ಆ ಹುಡುಗಿ ಕೇಳಿದಳು. "ಮೇಡಂ, ಹೊಸಬರಿಗೂ ಈ ಅಪಘಾತದ ವಿಮೆ ಬೇಕಾ?"

"ಹನ್ನೆರಡು ಮೀಟರಿಗೆಲ್ಲ ಏನಾಗತ್ತಮ್ಮ? ಮೇಷ್ಟ್ರು ಪಕ್ಕದಲ್ಲೇ ಇರ್ತಾರೆ. ಅಷ್ಟಕ್ಕೂ ಮೊದಲ ಕೋರ್ಸಿನವರಿಗೆ ಕಂಪನಿಯವರೇ ಪುಕ್ಕಟೆ ಕೊಡ್ತಾರೆ. ಹೆಸರು ಕಳಿಸಿದರೆ ಸಾಕು, ಅದನ್ನ ನಾನು ನೋಡ್ಕೋತೀನಿ" ಎಂದೆ.

ಇದರಲ್ಲಿ ನನ್ನದೇ ಒಂದು ಪದ್ಧತಿ ಇದೆ. ನಿಯಮದ ಪ್ರಕಾರ ಕಲಿಯುವವರು ಮೊದಲ ಸಲ ನೀರಿಗೆ ಇಳಿಯುವ ಮುಂಚೆಯೇ ಅವರ ಹೆಸರು ಕಂಪನಿಗೆ ಹೋಗಬೇಕು. ಆದರೆ ಕಾಲು ಭಾಗ ಜನ ಈಜುಕೊಳದಲ್ಲೇ ಕಿವಿ ನೋವು, ಅಮ್ಮ ಬೇಡ ಅಂದಳು ಎಂದು ಜಾಗ ಖಾಲಿ ಮಾಡುತ್ತಾರೆ. ಕಳಿಸಿದ ಹೆಸರನ್ನು ತೆಗೆಸಲು ಒಬ್ಬೊಬ್ಬರಿಗೂ ಒಂದೊಂದು ಫಾರಂ, ಅದಕ್ಕೆ ಮಾಲೀಕರ ಸಹಿ, ಆಮೇಲೆ ಅವರಿಂದ ಉತ್ತರ. ಹಾಗಾಗಿ ಕೋರ್ಸಿನ ಕೊನೆಯ ದಿನ, ಉಳಿದವರ ಸರ್ಟಿಫಿಕೇಟು ತಯಾರು ಮಾಡುವಾಗಲೇ, ಹೆಸರುಗಳನ್ನೂ ಒಟ್ಟಿಗೆ ಕಳಿಸಿಬಿಡುತ್ತೇನೆ. ಒಂಬತ್ತು ವರ್ಷದಲ್ಲಿ ಒಂದು ಸಲವೂ ತೊಂದರೆಯಾಗಿಲ್ಲ. ಕಡತ ನೋಡಲು ಬಂದಿದ್ದ ಕಂಪನಿಯವನೇ, ಇಷ್ಟು ಅಚ್ಚುಕಟ್ಟಾದ ಆಫೀಸು ಎಲ್ಲೂ ನೋಡಿಲ್ಲ ಎಂದು ಹೇಳಿ ಹೋಗಿದ್ದ.

ಮಾರ್ಚ್ 7, ಶನಿವಾರ

ಹುಬ್ಬಿನಲ್ಲಿ ಉಪ್ಪು ಇಟ್ಟುಕೊಂಡೇ ಮನೆಗೆ ಬಂದರು. ಮಗಳು ಬಾಗಿಲು ತೆಗೆಯುವ ಮೊದಲೇ ಕಥೆ ಶುರು. ಯಾವುದೋ ದಪ್ಪ ಮೀನು ಇವರನ್ನು ದುರುಗುಟ್ಟಿ ನೋಡಿತಂತೆ. "ಟಿಕೆಟ್ ಇಲ್ಲದವನನ್ನ ಕಂಡಕ್ಟರ್ ನೋಡ್ತಾನಲ್ಲ, ಥೇಟ್ ಹಾಗೇ" ಎಂದರು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳಿಗೀಗ ಹದಿನಾರು, ಅಪ್ಪನ ಜೋಕಿಗೆ ನಗುವುದನ್ನು ಬಿಟ್ಟು ಎರಡು ವರ್ಷವಾಗಿತ್ತು.

ಮೇಷ್ಟ್ರು ಹೇಳಿಕೊಟ್ಟದ್ದನ್ನು ನಮಗೂ ಪಾಠ ಮಾಡಿದರು. ಮೇಲೆ ಬರುವಾಗ ಉಸಿರು ಕಟ್ಟಬಾರದು, ಬಿಡುತ್ತಲೇ ಇರಬೇಕು, ನಿಧಾನವಾಗಿ ಬರಬೇಕು. "ಅದೊಂದೇ ನಿಯಮ, ಮಿಕ್ಕಿದ್ದೆಲ್ಲ ಅಲಂಕಾರ." ಊಟಕ್ಕೆ ಕೂತಾಗಲೂ ಬುಸ್ ಬುಸ್ ಎಂದು ಉಸಿರು ಬಿಡುತ್ತಿದ್ದರು. ನಾಳೆ ಕೊನೆಯದು.

ಮಾರ್ಚ್ 10, ಮಂಗಳವಾರ

ಬರೆಯಬಾರದು ಎಂದುಕೊಂಡಿದ್ದೆ. ಆಸ್ಪತ್ರೆಯ ಕುರ್ಚಿಯಲ್ಲಿ ಬೇರೆ ಮಾಡಲು ಏನೂ ಇಲ್ಲ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನೀರಿಗೆ ಇಳಿದರು. ಹನ್ನೆರಡು ಮೀಟರು ಆಳದಲ್ಲಿ ಮುಖವಾಡದೊಳಗೆ ನೀರು ಬಂತು. ಅದನ್ನು ಊದಿ ತೆಗೆಯುವುದನ್ನು ಹತ್ತು ಸಲ ಕಲಿಸಿದ್ದರು, ಆ ಹೊತ್ತಿಗೆ ಮರೆತುಹೋಗಿದೆ. ಗಾಬರಿಯಾಗಿ ಉಸಿರು ಬಿಗಿಹಿಡಿದು ಸೀದಾ ಮೇಲಕ್ಕೆ ನುಗ್ಗಿದ್ದಾರೆ. ಮೇಷ್ಟ್ರು ಕಾಲು ಹಿಡಿಯಲು ಹೋದರೆ ಕಾಲಿಗೆ ಕಟ್ಟಿದ್ದ ರಬ್ಬರ್ ರೆಕ್ಕೆ ಕೈಗೆ ಬಂದಿದೆ. ದೋಣಿ ಹತ್ತಿ, "ಎಕ್ಸ್‌ಪ್ರೆಸ್ ಬಸ್ಸು, ನಡುವೆ ಎಲ್ಲೂ ಸ್ಟಾಪ್ ಇಲ್ಲ" ಎಂದು ತಮಾಷೆ ಮಾಡಿದರಂತೆ. ಕಾಲು ಜೋಮು ಹಿಡಿದಿದೆ ಎಂದರಂತೆ. ದಡಕ್ಕೆ ಬಂದು ಎಲ್ಲರೂ ಇಳಿದರು, ಇವರಿಗೆ ಏಳಲು ಆಗಲಿಲ್ಲ.

ಉಸಿರು ಕಟ್ಟಿ ಬೇಗ ಬೇಗ ಮೇಲೆ ಬಂದರೆ ರಕ್ತದಲ್ಲಿ ಗಾಳಿಯ ಗುಳ್ಳೆ ಏಳುತ್ತದೆ. ಇವರಿಗೆ ಅದು ಬೆನ್ನುಹುರಿಯಲ್ಲಿ ನಿಂತಿದೆ. ಅದನ್ನು ಕರಗಿಸಲು ಕಬ್ಬಿಣದ ದುಂಡನೆಯ ಕೋಣೆಯೊಂದು ಬೇಕು. ರೋಗಿಯನ್ನು ಒಳಗೆ ಮಲಗಿಸಿ, ಬಾಗಿಲು ಬಿಗಿದು, ಗಾಳಿಯ ಒತ್ತಡ ಏರಿಸುತ್ತಾರೆ. ಎಷ್ಟು ಬೇಗ ಹಾಕಿದರೆ ಅಷ್ಟು ಒಳ್ಳೆಯದು. ಅದು ನಮ್ಮೂರಿನಲ್ಲಿಲ್ಲ, ನಾಲ್ಕು ಗಂಟೆ ದೂರದ ಈ ಆಸ್ಪತ್ರೆಯಲ್ಲಿದೆ. ನಮ್ಮೂರಿನ ವೈದ್ಯರು ಇಂಥ ರೋಗಿಯನ್ನು ಕಂಡೇ ಇಲ್ಲ, ಬೆನ್ನುಮೂಳೆ ಜಾರಿರಬೇಕು ಎಂದು ಸ್ಕ್ಯಾನಿಗೆ ಬರೆದರು. ವಿಮೆ ಕಂಪನಿಯವರು ವಾಹನ ಕಳಿಸುತ್ತೇವೆ ಎಂದವರು ಕೊನೆಗೆ ಕೈ ಎತ್ತಿದರು. ಇವರನ್ನು ಆ ಕೋಣೆಗೆ ಹಾಕುವಾಗ ರಾತ್ರಿ ಎಂಟಾಗಿತ್ತು.

ಸೊಂಟದಿಂದ ಕೆಳಗೆ ಸ್ಪರ್ಶವಿಲ್ಲ. ಚಿವುಟಿ ನೋಡಿದೆ. ನನ್ನ ಉಗುರಿನ ಗುರುತು ಬಿತ್ತು, ಅವರು ಕಿಟಕಿಯ ಕಡೆ ನೋಡುತ್ತಲೇ ಇದ್ದರು.

ಮಾರ್ಚ್ 11, ಬುಧವಾರ

ಮತ್ತೆ ಕಬ್ಬಿಣದ ಕೋಣೆ. ಐದು ಗಂಟೆ. ಅದರ ಪುಟ್ಟ ಕಿಟಕಿಯಲ್ಲಿ ಮುಖ ಕಾಣಿಸುತ್ತದೆ. ಕೈ ಬೀಸಿದೆ, ಅವರೂ ಬೀಸಿದರು. ಕಾಲು ಹಾಗೇ ಇದೆ.

ಮಾರ್ಚ್ 14, ಶನಿವಾರ

ಇದನ್ನು ಎಲ್ಲಾದರೂ ಇಳಿಸದಿದ್ದರೆ ನನಗೆ ಹುಚ್ಚು ಹಿಡಿಯುತ್ತದೆ.

ಇವರ ಹೆಸರು ಕಂಪನಿಗೆ ಹೋಗಿರಲಿಲ್ಲ. ಭಾನುವಾರ ಕೊನೆಯ ದಿನ, ಮಧ್ಯಾಹ್ನ ಎಲ್ಲರದನ್ನೂ ಒಟ್ಟಿಗೆ ಕಳಿಸುವವಳಿದ್ದೆ.

ಒಂಬತ್ತು ಐವತ್ತಕ್ಕೆ ಮೇಷ್ಟ್ರ ಫೋನ್ ಬಂತು. "ಮೇಡಂ, ಯಜಮಾನರಿಗೆ ಕಾಲು ಬರ್ತಾ ಇಲ್ಲ. ಆಂಬುಲೆನ್ಸಿಗೆ ಹೇಳಿದೀನಿ, ನೀವು ಸೀದಾ ಆಸ್ಪತ್ರೆಗೆ ಬಂದ್ಬಿಡಿ." ನಾನು ಹೋಗಲಿಲ್ಲ. ಕಂಪ್ಯೂಟರಿನ ಮುಂದೆ ಕೂತೆ. ಎಂಟು ಜನರ ಹೆಸರು, ಹುಟ್ಟಿದ ದಿನ, ವಿಳಾಸ. ಇವರ ಹುಟ್ಟಿದ ದಿನವನ್ನೇ ತಪ್ಪು ಹೊಡೆದು ಮತ್ತೆ ಸರಿ ಮಾಡಿದೆ. ಪಟ್ಟಿ ಹೋದಾಗ ಪರದೆಯ ಮೇಲೆ ಸಮಯ ಬಂತು, ಹತ್ತು ಐವತ್ತೆರಡು.

ನಮ್ಮೂರಿನ ಆಸ್ಪತ್ರೆಗೆ ಹೋದ ಮೇಲೆ ಲೆಕ್ಕ ಹಾಕಿದೆ. ಈಗ ಫೋನ್ ಮಾಡಿದರೆ ನೀರಿಗೆ ಇಳಿದದ್ದು ಎಷ್ಟು ಹೊತ್ತಿಗೆ ಎಂದು ಕೇಳುತ್ತಾರೆ. ಹತ್ತು ಐವತ್ತೆರಡರ ನಂತರದ್ದು ಹೇಳಬೇಕು. ಇವತ್ತೇ ಮೊದಲ ಸಲ, ಹನ್ನೊಂದೂವರೆಗೆ ಇಳಿದರು ಎಂದರೆ ನಂಬುವಂತಿರುತ್ತದೆ. ಹಾಗಾದರೆ ಮೇಲೆ ಬಂದದ್ದು ಹನ್ನೆರಡಕ್ಕೆ. ಹನ್ನೆರಡಾಗುವ ತನಕ ಫೋನ್ ಮಾಡುವ ಹಾಗಿಲ್ಲ.

ಅಲ್ಲಿನ ಪಡಸಾಲೆಯ ಗೋಡೆಯಲ್ಲೊಂದು ಗಡಿಯಾರವಿದೆ. ಅದರ ಕೆಳಗಿನ ಬೆಂಚಿನ ಮೇಲೆ ಐವತ್ತೈದು ನಿಮಿಷ ಕೂತಿದ್ದೆ. ಒಳಗಿಂದ ಇವರು ಕೂಗಿದರು. "ಎಲ್ಲಿದೀಯೇ?" "ಫೋನ್ ಮಾಡ್ತಾ ಇದೀನ್ರೀ" ಎಂದೆ. ಫೋನು ಮಡಿಲಲ್ಲಿತ್ತು. ಮೇಷ್ಟ್ರು ಬಂದು, "ಕಂಪನಿಯವರು ಏನಂದ್ರು?" ಎಂದು ಎರಡು ಸಲ ಕೇಳಿದರು. ಲೈನ್ ಸಿಗುತ್ತಿಲ್ಲ ಎಂದೆ.

ಹನ್ನೆರಡು ಹತ್ತಕ್ಕೆ ಮಾಡಿದೆ. ಒಂದೇ ರಿಂಗಿಗೆ ಎತ್ತಿದರು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ, ಹನ್ನೊಂದೂವರೆ ಎಂದು ನಾನೇ ಹೇಳಿದೆ. ಒಂದು ಗಂಟೆಗೆ ಅವರ ವಾಹನ ಹೊರಟಿತು. ಮೂರಕ್ಕೆ ಅವರು ಆಸ್ಪತ್ರೆಯಿಂದ ಕಾಗದ ತರಿಸಿಕೊಂಡರು. ಅದರಲ್ಲಿ ಇವರನ್ನು ಸೇರಿಸಿಕೊಂಡ ಸಮಯ ಹತ್ತೂ ಕಾಲು ಎಂದಿತ್ತು. ಫೋನಿನ ಹುಡುಗಿ, "ಮೇಡಂ, ನೀರಿಗೆ ಇಳಿಯೋ ಮೊದಲೇ ಆಸ್ಪತ್ರೆಗೆ ಸೇರಿದ್ರಾ?" ಎಂದು ಕೇಳಿದಳು. ಅವಳ ದನಿಯಲ್ಲಿ ವ್ಯಂಗ್ಯ ಇರಲಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ್ದಳು. ನಾನು ಫೋನ್ ಇಟ್ಟುಬಿಟ್ಟೆ. ವಾಹನ ಅರ್ಧ ದಾರಿಯಿಂದ ವಾಪಸ್ ಹೋಯಿತು. ಮೇಷ್ಟ್ರು ಓಡಾಡಿ ಆಸ್ಪತ್ರೆಯ ಆಂಬುಲೆನ್ಸನ್ನೇ ಹೊರಡಿಸಿದಾಗ ನಾಲ್ಕು ಗಂಟೆ.

ಇವರಿಗೆ ಇದನ್ನೆಲ್ಲ ಹೇಳಬೇಕು. ಎದ್ದು ಕೂತ ದಿನ ಹೇಳಿಬಿಡುತ್ತೇನೆ.

ಮಾರ್ಚ್ 23, ಸೋಮವಾರ

ಒಂಬತ್ತು ಸಲ ಕೋಣೆಗೆ ಹಾಕಿದ್ದಾಯಿತು. ಇನ್ನು ಹಾಕಿ ಉಪಯೋಗವಿಲ್ಲ ಎಂದು ವೈದ್ಯೆ ಹೇಳಿದರು. ಪಡಸಾಲೆಯಲ್ಲಿ ಅವರನ್ನು ತಡೆದು ಕೇಳಿದೆ, "ಡಾಕ್ಟ್ರೇ, ಇನ್ನೂ ನಾಲ್ಕೈದು ಗಂಟೆ ಮೊದಲೇ ಕರ್ಕೊಂಡು ಬಂದಿದ್ರೆ?"

"ಹೀಗೇ ಆಗ್ತಿತ್ತು ಅಂತ ಯಾರೂ ಹೇಳಕ್ಕಾಗಲ್ಲಮ್ಮ. ಬೇಗ ಬಂದಿದ್ರೆ ಒಳ್ಳೇದಿತ್ತು" ಎಂದರು. ನನ್ನ ಭುಜ ತಟ್ಟಿ ಹೋದರು.

ವ್ಯಾಯಾಮ ಮಾಡಿಸುವ ಹುಡುಗಿ ದಿನಾ ಹತ್ತಕ್ಕೆ ಬರುತ್ತಾಳೆ. ಇವರ ಪಾದಕ್ಕೆ ಅಂಗೈ ಕೊಟ್ಟು, "ಒತ್ತಿ ಅಂಕಲ್, ಜೋರಾಗಿ ಒತ್ತಿ" ಎನ್ನುತ್ತಾಳೆ. ಇವರು ಹಲ್ಲು ಕಚ್ಚಿಕೊಂಡು ಪಾದವನ್ನೇ ನೋಡುತ್ತಾರೆ. ಕುತ್ತಿಗೆಯ ನರ ಉಬ್ಬುತ್ತದೆ, ಹಣೆಯಲ್ಲಿ ಬೆವರು. ಇವತ್ತು, "ಬ್ರೇಕ್ ಹಿಡೀತಾ ಇಲ್ಲಮ್ಮ" ಎಂದರು. ಆ ಹುಡುಗಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಅವಳು ಹೋದ ಮೇಲೆ ನನ್ನ ಕೈ ಹಿಡಿದುಕೊಂಡು, "ಎಲ್ಲ ನನ್ನ ತಪ್ಪು ಕಣೇ. ಅಷ್ಟು ಸಲ ಹೇಳಿದ್ರು, ಉಸಿರು ಕಟ್ಟಬೇಡಿ ಅಂತ. ಕಟ್ಟಿಬಿಟ್ಟೆ" ಎಂದರು.

"ಈಗ್ಯಾಕೆ ಅದೆಲ್ಲ, ಬಿಡಿ" ಎಂದೆ.

ಇವತ್ತು ಎದ್ದು ಕೂತರು. ಪೂರ್ತಿ ಕೂತ ಹಾಗಲ್ಲ, ಬೆನ್ನಿಗೆ ಮೂರು ದಿಂಬು ಇತ್ತು. ಆಸರೆ ಇಲ್ಲದೆ ಕೂತ ದಿನ ಹೇಳುತ್ತೇನೆ.

ಏಪ್ರಿಲ್ 2, ಗುರುವಾರ

ಬಟ್ಟೆ ತೆಗೆದುಕೊಂಡು ಬರಲು ಊರಿಗೆ ಹೋದವಳು ಆಫೀಸಿಗೂ ಹೋಗಿದ್ದೆ. ಮಾಲೀಕರು ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು. ಕಂಪನಿಯ ಪತ್ರ ಬಂದಿತ್ತು. ಸಮಯದ ವಿವರಗಳಲ್ಲಿ ಹೊಂದಾಣಿಕೆ ಇಲ್ಲದ್ದರಿಂದ ನೆರವು ಕೊಡಲಾಗುವುದಿಲ್ಲ ಎಂದು ಮೂರೇ ಸಾಲು.

ಮಾಲೀಕರು ಕನ್ನಡಕ ಒರೆಸುತ್ತ, "ಹೆಸರುಗಳನ್ನ ಯಾವಾಗಲೂ ಹೀಗೇ ಕೊನೇಲಿ ಕಳಿಸ್ತಿದ್ರಾ?" ಎಂದರು.

"ಹೌದು ಸಾರ್."

"ಇದು ಹೊರಗೆ ಗೊತ್ತಾದ್ರೆ ಶಾಲೆ ಮುಚ್ಚಿಸ್ತಾರೆ. ಹೇಗೂ ಆಗಿದ್ದು ಆಗಿಹೋಯ್ತು. ನಿಮ್ಮ ಕೆಲಸಕ್ಕೆ ಏನೂ ತೊಂದರೆ ಇಲ್ಲ, ಯಾವಾಗ ಬೇಕಾದ್ರೂ ಬನ್ನಿ. ಇದು ನಮ್ಮಿಬ್ಬರಲ್ಲೇ ಇರಲಿ" ಎಂದರು. ಪತ್ರವನ್ನು ಮಡಿಸಿ ನನ್ನ ಕೈಗೇ ಕೊಟ್ಟರು. ಈ ಡೈರಿಯೊಳಗೆ ಇಟ್ಟಿದ್ದೇನೆ.

ಹೊರಗೆ ಬಂದರೆ ಮೇಷ್ಟ್ರು ಗಾಳಿಯ ಸಿಲಿಂಡರುಗಳನ್ನು ಜೋಡಿಸುತ್ತಿದ್ದರು. ಮನುಷ್ಯ ಅರ್ಧ ಇಳಿದುಹೋಗಿದ್ದಾರೆ. "ನಾನು ಕಾಲು ಹಿಡಿದಿದ್ದೆ ಮೇಡಂ. ರೆಕ್ಕೆ ಕೈಗೆ ಬಂತು. ಇನ್ನೊಂದು ಗೇಣು ಮೇಲೆ ಹಿಡಿದಿದ್ರೆ..." ಎಂದು ಅದನ್ನೇ ಹೇಳಿದರು. ಆಮೇಲೆ ಮೆಲ್ಲಗೆ ಕೇಳಿದರು. "ಅವತ್ತು ಹೆಸರು ಹೋಗಿತ್ತು ತಾನೆ?"

"ಹೋಗಿತ್ತು. ಅವರ ಕಡೆಯಿಂದಲೇ ತಡ ಆಗಿದ್ದು" ಎಂದೆ.

ಬಾಯಿ ತಪ್ಪಿ ಬಂದ ಮಾತು. ಆದರೆ ಹೇಳಿಯಾಗಿತ್ತು. ಮೇಷ್ಟ್ರು ತಲೆಯಾಡಿಸಿ ಮತ್ತೆ ಸಿಲಿಂಡರು ಜೋಡಿಸಲು ಹೋದರು.

ಏಪ್ರಿಲ್ 9, ಗುರುವಾರ

ಮನೆಗೆ ಬಂದೆವು. ಗಾಲಿಕುರ್ಚಿ ಬಚ್ಚಲ ಬಾಗಿಲಲ್ಲಿ ಹಿಡಿಸಲಿಲ್ಲ. ಬಡಗಿ ಬಂದು ಚೌಕಟ್ಟು ಕಿತ್ತುಹಾಕಿದ, ಈಗ ಪರದೆ ಕಟ್ಟಿದೆ. ನಡುಮನೆಯ ಮೇಜು ಹೊರಗೆ ಹೋಯಿತು. ಮೂತ್ರದ ಚೀಲ ಬದಲಿಸುವುದನ್ನು ಆಸ್ಪತ್ರೆಯಲ್ಲೇ ಕಲಿತಿದ್ದೇನೆ. ಮೊದಲ ದಿನ ಇವರು ಮುಖ ಗೋಡೆಗೆ ತಿರುಗಿಸಿಕೊಂಡಿದ್ದರು.

ಆಸರೆ ಇಲ್ಲದೆ ಕೂರುತ್ತಾರೆ. ಮನೆಗೆ ಬಂದ ಮೊದಲ ದಿನವೇ ಮನಸ್ಸು ಕೆಡಿಸುವುದು ಬೇಡ.

ಆಸ್ಪತ್ರೆಯ ಕಾಗದಗಳನ್ನು ಜೋಡಿಸಲು ಮಗಳನ್ನು ಕೂರಿಸಿದ್ದೆ. "ಅಮ್ಮ, ಅಪ್ಪ ಒಂಬತ್ತಕ್ಕೆ ನೀರಿಗೆ ಇಳಿದೆ ಅಂತಾರೆ. ವಿಮೆಯವರು ಆಸ್ಪತ್ರೆಗೆ ಕಳಿಸಿದ ಈ ಕಾಗದದಲ್ಲಿ ಯಾಕೆ ಹನ್ನೊಂದೂವರೆ ಅಂತ ಇದೆ?" ಎಂದಳು.

"ಯಾರೋ ಗುಮಾಸ್ತರು ತಪ್ಪು ಬರೆದಿರಬೇಕು."

"ಹನ್ನೊಂದೂವರೆಗೆ ನೀನು ಅಪ್ಪನ ಜೊತೆ ಆಸ್ಪತ್ರೆಯಲ್ಲೇ ಇದ್ದೆ ಅಲ್ವಾ? ನೋಡಲಿಲ್ವಾ?"

"ಅವತ್ತು ಕಾಗದ ನೋಡೋ ಸ್ಥಿತೀಲಿ ಇದ್ನೇನೇ ನಾನು?" ಎಂದು ರೇಗಿದೆ. ಅವಳು ಕಾಗದಗಳ ಅಂಚು ಸರಿ ಮಾಡಿ, ದಾರ ಕಟ್ಟಿ, ಕಪಾಟಿನಲ್ಲಿಟ್ಟಳು. ಅವಳದು ನನ್ನದೇ ಕೈ, ಅಚ್ಚುಕಟ್ಟು.

ಏಪ್ರಿಲ್ 21, ಮಂಗಳವಾರ

ಇವತ್ತು ಹೇಳಲೇಬೇಕು ಎಂದು ಬೆಳಿಗ್ಗೆಯೇ ನಿಶ್ಚಯ ಮಾಡಿದ್ದೆ. ಕುರ್ಚಿಯನ್ನು ಬಿಸಿಲಿಗೆ ತಳ್ಳಿ, ಎದುರು ಕೂತೆ. ಡೈರಿ ನೋಡಿಕೊಂಡು ಗಂಟೆ, ನಿಮಿಷ ಎಲ್ಲ ಸರಿಯಾಗಿ ಹೇಳೋಣವೆಂದು ತೆರೆದೆ. ಮಾರ್ಚ್ ಹದಿನಾಲ್ಕರ ಪುಟ. ನಾನು ತುಂಬ ಬರೆದಿದ್ದರಿಂದ ಅಕ್ಷರಗಳು ಅಡಿಯ ತನಕ ಹೋಗಿವೆ, ಆ ಫೋನ್ ನಂಬರಿನ ಮೇಲೂ ಹತ್ತಿವೆ. ನಂಬರಿನ ಕೆಳಗೆ ಇನ್ನೊಂದು ಸಾಲು ಕಂಡಿತು. ಇರುವೆಯಷ್ಟು ಸಣ್ಣ ಅಕ್ಷರ. ಒಂಬತ್ತು ವರ್ಷ ಅದರ ಮೇಲೆ ಟೀ ಲೋಟ ಇಟ್ಟಿದ್ದೇನೆ.

"ಡೈವಿಂಗ್ ಅಪಘಾತವಾದಾಗ ನಮ್ಮ ಸದಸ್ಯರಲ್ಲದವರೂ ಕೂಡಲೇ ಕರೆ ಮಾಡಬಹುದು. ಮೊದಲು ಚಿಕಿತ್ಸೆ, ಕಾಗದ ಆಮೇಲೆ."

ಹೆಸರು ಬೇಕಿರಲಿಲ್ಲ. ಪಟ್ಟಿ ಬೇಕಿರಲಿಲ್ಲ. ಒಂಬತ್ತು ಐವತ್ತಕ್ಕೆ ನನ್ನ ಮೇಜಿನ ಮೇಲೆ ಈ ಡೈರಿ ಇತ್ತು, ಫೋನ್ ಇತ್ತು. ಎತ್ತಿ ನಿಜ ಹೇಳಿದ್ದರೆ ಅವರ ವೈದ್ಯರು ನಮ್ಮೂರಿನ ವೈದ್ಯರ ಜೊತೆ ಮಾತಾಡುತ್ತಿದ್ದರು, ಬೆನ್ನುಮೂಳೆಯ ಸ್ಕ್ಯಾನು ಇರುತ್ತಿರಲಿಲ್ಲ, ಕೋಣೆ ಮೂರು ಗಂಟೆಗೇ ಸಿದ್ಧವಾಗಿರುತ್ತಿತ್ತು. ನಾನು ಗಡಿಯಾರ ನೋಡುತ್ತ ಕೂತೆ. ಯಾರೂ ಕೇಳದ ಸುಳ್ಳಿಗೆ ಹೊತ್ತು ಹೊಂದಿಸುತ್ತ ಕೂತೆ.

"ಏನೇ, ಏನೋ ಹೇಳ್ಬೇಕು ಅಂದೆ?" ಎಂದರು ಇವರು.

"ಕುರ್ಚಿಯ ಗಾಲಿಗೆ ಎಣ್ಣೆ ಬಿಡಿಸಬೇಕು" ಎಂದೆ.

ಏಪ್ರಿಲ್ 22, ಬುಧವಾರ

ಪ್ರತಿ ಪುಟದ ಅಡಿಯ ಆ ಎರಡು ಸಾಲನ್ನು ಕತ್ತರಿಸಿ ತೆಗೆದೆ. ಡಿಸೆಂಬರಿನ ತನಕ. ಅಳತೆ ಪಟ್ಟಿ ಇಟ್ಟು ಕತ್ತರಿಸಿದ್ದರಿಂದ ನೇರವಾಗಿ ಬಂದಿದೆ.

ಮೇ 6, ಬುಧವಾರ

ಇವತ್ತಿನಿಂದ ಮತ್ತೆ ಕೆಲಸಕ್ಕೆ. ಹಗಲು ಹೊತ್ತು ಇವರನ್ನು ನೋಡಿಕೊಳ್ಳಲು ಪಕ್ಕದ ಮನೆಯ ಅಜ್ಜಿ ಬರುತ್ತಾರೆ. ಮೇಜು ನಾನು ಬಿಟ್ಟು ಹೋದಂತೆಯೇ ಇತ್ತು. ಈಗ ಹೊಸ ಪದ್ಧತಿ, ಕೋರ್ಸಿಗೆ ಸೇರಿದ ನಿಮಿಷಕ್ಕೇ ಹೆಸರು ಕಳಿಸುತ್ತೇನೆ. ಫಾರಂ ಎಷ್ಟು ಬೇಕಾದರೂ ತುಂಬುತ್ತೇನೆ.

ಕಾಲೇಜಿನ ಇಬ್ಬರು ಹುಡುಗಿಯರು ಬಂದು ಅದೇ ಪ್ರಶ್ನೆ ಕೇಳಿದರು. ಹೊಸಬರಿಗೂ ವಿಮೆ ಬೇಕಾ, ಆಳಕ್ಕೇನೂ ಹೋಗಲ್ಲವಲ್ಲ.

"ಹೊಸಬರಿಗೇ ಬೇಕು. ಹಳಬರಿಗೆ ಗಾಬರಿಯಾದಾಗ ಏನು ಮಾಡ್ಬೇಕು ಅಂತ ಗೊತ್ತಿರತ್ತೆ. ನಮ್ಮ ಯಜಮಾನರು ಹೋದದ್ದು ಹನ್ನೆರಡೇ ಮೀಟರು. ಉಸಿರು ಕಟ್ಟಿದ್ರು, ಅಷ್ಟೇ. ಈಗ ಗಾಲಿಕುರ್ಚಿ" ಎಂದೆ. ಇಬ್ಬರೂ ಬಾಯಿಗೆ ಕೈ ಇಟ್ಟುಕೊಂಡರು. ಒಬ್ಬಳು, ವಿಮೆ ಇತ್ತಾ ಮೇಡಂ ಎಂದಳು. ಇತ್ತು, ಆದರೆ ಸಮಯದ ವಿಷಯದಲ್ಲಿ ಏನೋ ಗೊಂದಲವಾಯಿತು, ಎಂದೆ.

ಇಬ್ಬರೂ ಮೊದಲ ಕೋರ್ಸಿನ ಆಚೆಗೂ ಆಗುವಂತೆ ವರ್ಷದ ವಿಮೆ ಮಾಡಿಸಿಕೊಂಡು ಹೋದರು. ನನ್ನಿಂದ ಇಬ್ಬರಿಗಾದರೂ ಒಳ್ಳೆಯದಾಯಿತು.

ಮೇ 17, ಭಾನುವಾರ

ಡಿಪೋದಿಂದ ಇವರ ಸ್ನೇಹಿತರು ನಾಲ್ಕು ಜನ ಬಂದಿದ್ದರು. ಇವರ ಬಸ್ಸಿಗೆ ಈಗ ಹೊಸಬ ಬಂದಿದ್ದಾನಂತೆ, ಮಾರ್ಕೆಟ್ಟಿನ ತಿರುವಿನಲ್ಲಿ ದಿನಾ ಕಂಬಕ್ಕೆ ಸವರುತ್ತಾನಂತೆ. ಇವರು ನಕ್ಕರು. ನಗುತ್ತಲೇ, ಆ ತಿರುವಿನಲ್ಲಿ ಎರಡನೇ ಗೇರಿಗೆ ಇಳಿಸಿ ಕ್ಲಚ್ಚಿನ ಮೇಲಿಂದ ಕಾಲು ಹೇಗೆ ತೆಗೆಯಬೇಕೆಂದು ಕೈಯಲ್ಲಿ ತೋರಿಸಿದರು. ಕಾಲು ಕುರ್ಚಿಯ ಹಲಗೆಯ ಮೇಲೆ ಸುಮ್ಮನಿತ್ತು.

ಅವರಿಗೆ ಅಪಘಾತದ ಆ ಭಾನುವಾರದ ಕಥೆಯನ್ನು ನಾನೇ ಹೇಳಿದೆ. ಹೇಳಿ ಹೇಳಿ ಈಗ ನಾಲಿಗೆಗೆ ಸಲೀಸಾಗಿದೆ. ಉಸಿರು ಕಟ್ಟಿದ್ದು, ರೆಕ್ಕೆ ಕೈಗೆ ಬಂದದ್ದು, ನಾನು ಫೋನ್ ಹಿಡಿದು ಪಡಸಾಲೆಯಲ್ಲಿ ಒದ್ದಾಡಿದ್ದು, ಕಂಪನಿಯವರ ಗೊಂದಲದಿಂದ ವಾಹನ ಅರ್ಧ ದಾರಿಯಿಂದ ವಾಪಸಾದದ್ದು. ಅವರಲ್ಲಿ ಹಿರಿಯರು ಕಣ್ಣೊರೆಸಿಕೊಂಡು, "ಅತ್ತಿಗೆ, ನಿಮ್ಮಂಥವರು ಇದ್ದಿದ್ದಕ್ಕೆ ಅವನು ಇವತ್ತು ಹೀಗಾದ್ರೂ ಕೂತಿದಾನೆ" ಎಂದರು. ಒಳಗಿನ ಕೋಣೆಯಿಂದ ಮಗಳು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದಳು. ಈಚೆಗೆ ಅವಳಿಗೆ ಮನೆಗೆ ಯಾರು ಬಂದರೂ ಆಗುವುದಿಲ್ಲ. ಪರೀಕ್ಷೆಯ ಚಿಂತೆ ಇರಬೇಕು.

ಅವರು ಹೋದ ಮೇಲೆ ಇವರು ನೀರಿನ ಲೋಟಕ್ಕೆ ಕೈ ಚಾಚಿ ಹಾಸಿಗೆಯ ತುಂಬ ಚೆಲ್ಲಿಕೊಂಡರು. ಬೆಳಿಗ್ಗೆಯಷ್ಟೇ ಬದಲಿಸಿದ್ದ ಹೊದಿಕೆ. ನನಗೆ ಎಲ್ಲಿತ್ತೋ ಸಿಟ್ಟು. "ಒಂದು ಮಾತು ಕೇಳೋ ಜಾಯಮಾನ ಅಲ್ವೇ ಅಲ್ಲ ನಿಮ್ಮದು. ಕರೀರಿ ಅಂದ್ರೆ ಕರೆಯಲ್ಲ. ಉಸಿರು ಕಟ್ಟಬೇಡಿ ಅಂತ ಸಾರಿ ಸಾರಿ ಹೇಳಿದ್ರೂ ಕಟ್ಟಿದ್ರಿ. ಈಗ ಅನುಭವಿಸೋಳು ಯಾರು?" ಎಂದುಬಿಟ್ಟೆ.

ಇವರು ಒದ್ದೆ ಹೊದಿಕೆಯನ್ನು ತಾವೇ ಎಳೆದು ಮಡಿಸಿ ಕೊಟ್ಟರು. ಹೇಳಬಾರದಿತ್ತು ಅನಿಸಿತು. ಆದರೆ ನಾನೂ ಮನುಷ್ಯಳೇ ತಾನೆ, ಎಷ್ಟು ಅಂತ ತಡೆದುಕೊಳ್ಳಲಿ.

ಜೂನ್ 5, ಶುಕ್ರವಾರ

ಡಿಪೋದಿಂದ 'ಚಾಲನೆಗೆ ಅನರ್ಹ' ಎಂಬ ಪತ್ರ ಬಂತು. ಸಮವಸ್ತ್ರ ವಾಪಸ್ ಕೊಡಬೇಕು. ಇವರು ಒಂದು ಅಂಗಿಯನ್ನು ದಿಂಬಿನ ಕೆಳಗೆ ಅಡಗಿಸಿಟ್ಟಿದ್ದಾರೆ, ನಾನು ನೋಡಿಲ್ಲ ಎಂದುಕೊಂಡಿದ್ದಾರೆ.

ಮಾಲೀಕರಿಗೆ ಒಂದು ಆಲೋಚನೆ ಬಂದಿದೆ. ಹೊಸ ತಂಡದವರಿಗೆ ಇವರೇ ಬಂದು ನಾಲ್ಕು ಮಾತು ಹೇಳಿದರೆ ಮನಸ್ಸಿಗೆ ನಾಟುತ್ತದೆ ಎಂದರು. ಮೇಷ್ಟ್ರಿಗೆ ಇಷ್ಟವಿಲ್ಲ, ಪಾಪ ಅವರನ್ನ ಯಾಕೆ ಪ್ರದರ್ಶನಕ್ಕೆ ಇಡ್ತೀರಿ ಎಂದು ಎದ್ದು ಹೋದರು. ಮನೆಗೆ ಬಂದು ಇವರನ್ನು ಕೇಳಿದೆ. ಮೂರು ತಿಂಗಳ ನಂತರ ಮೊದಲ ಸಲ ಮುಖದಲ್ಲಿ ಬೆಳಕು ಕಂಡಿತು. "ಯಾರಿಗಾದ್ರೂ ನನ್ನಿಂದ ಉಪಯೋಗ ಆಗತ್ತೆ ಅಂದ್ರೆ ಬರ್ತೀನಿ" ಎಂದರು.

ಜೂನ್ 12, ಶುಕ್ರವಾರ

ಬೆಳಿಗ್ಗೆ ಏಳು ನಲವತ್ತಕ್ಕೆ ಹೊಸ ತಂಡದ ಹನ್ನೊಂದು ಹೆಸರು ಕಳಿಸಿದೆ. ಎಂಟೂವರೆಗೆ ಇವರನ್ನು ಕರೆತಂದೆವು. ತಾವೇ ಕ್ಷೌರ ಮಾಡಿಕೊಂಡು, ಆ ಅಡಗಿಸಿಟ್ಟ ಅಂಗಿ ಹಾಕಿಕೊಂಡಿದ್ದರು. ಕುರ್ಚಿ ತಳ್ಳಿದವಳು ಮಗಳು.

ತರಗತಿಯಲ್ಲಿ ಹನ್ನೊಂದು ಜನ, ಎಲ್ಲರ ಕಣ್ಣೂ ಇವರ ಕಾಲಿನ ಮೇಲೆ. ಇವರು ಗಂಟಲು ಸರಿ ಮಾಡಿಕೊಂಡು ಶುರು ಮಾಡಿದರು.

"ನಾನು ಬಸ್ ಡ್ರೈವರು. ಇಪ್ಪತ್ತೆರಡು ವರ್ಷ ಒಂದು ನಾಯಿಗೂ ಗುದ್ದಿಲ್ಲ. ಹಾಗಾಗಿ ನನಗೇನಾಗತ್ತೆ ಅಂದ್ಕೊಂಡಿದ್ದೆ. ನಿಮಗೆ ಎರಡೇ ಮಾತು ಹೇಳ್ತೀನಿ. ಒಂದು, ಏನೇ ಆಗ್ಲಿ ಉಸಿರು ಕಟ್ಟಬೇಡಿ. ಮೇಷ್ಟ್ರ ತಪ್ಪು ಒಂದು ಚೂರೂ ಇಲ್ಲ, ಕಟ್ಟಿದೋನು ನಾನು. ಎರಡು, ನಿಮ್ಮ ಹೆಸರು ವಿಮೆಗೆ ಹೋಗಿದೆಯಾ ಅಂತ ನೀರಿಗೆ ಇಳಿಯೋ ಮೊದಲು ಕೇಳಿ. ನಾಚ್ಕೋಬೇಡಿ. ನನಗೆ ಕೇಳೋ ಅಗತ್ಯ ಇರಲಿಲ್ಲ, ಯಾಕಂದ್ರೆ ಕಳಿಸೋಳು ನನ್ನ ಹೆಂಡ್ತಿ."

ಎಲ್ಲರೂ ನಕ್ಕರು. ಅವರು ನನ್ನ ಕಡೆ ತಿರುಗಿದರು.

"ಕಂಪನಿಯವರು ಕೈ ಕೊಟ್ರು, ಅದು ನನ್ನ ಹಣೆಬರಹ. ಆದ್ರೆ ಇವಳು ಮಾಡ್ಬೇಕಾದ್ದನ್ನ ಮಾಡಿದ್ಲು. ಅವತ್ತು ನಾನು ಒಳಗೆ ಮಲಗಿದ್ದಾಗ ಒಂದು ಗಂಟೆ ಹೊತ್ತು ಪಡಸಾಲೆಯಲ್ಲಿ ಫೋನ್ ಹಿಡ್ಕೊಂಡು ಕೂತಿದ್ಲು. ನಾನು ಎಲ್ಲಿದೀಯೇ ಅಂತ ಕೂಗಿದಾಗೆಲ್ಲ ಇವಳ ದನಿ ಕೇಳ್ತಿತ್ತು. ಆ ದನಿಯ ಧೈರ್ಯದಲ್ಲೇ ನಾನು ಉಳ್ಕೊಂಡೆ."

ತರಗತಿಯವರೆಲ್ಲ ಚಪ್ಪಾಳೆ ತಟ್ಟಿದರು. ನಾನು ಕೈ ಮುಗಿದೆ. ಮೇಷ್ಟ್ರು ನೆಲ ನೋಡುತ್ತಿದ್ದರು. ಮಗಳು ಕುರ್ಚಿಯ ಹಿಡಿ ಬಿಟ್ಟು, ನನ್ನನ್ನೇ ನೋಡುತ್ತ ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ಎಷ್ಟು ಹುಡುಕಿದರೂ ಕಾಣಲಿಲ್ಲ, ಕುರ್ಚಿಯನ್ನು ನಾನೇ ತಳ್ಳಿಕೊಂಡು ಮನೆಗೆ ಬಂದೆ. ಅವಳು ಮೊದಲೇ ಬಂದು ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಊಟಕ್ಕೆ ಕರೆದರೆ ಹಸಿವಿಲ್ಲ ಎಂದಳು.

ಹನ್ನೊಂದೂ ಜನ ವರ್ಷದ ವಿಮೆ ಮಾಡಿಸಿದರು. ಮಾಲೀಕರಿಗೆ ತುಂಬ ಸಂತೋಷವಾಗಿದೆ, ಪ್ರತಿ ತಂಡಕ್ಕೂ ಹೀಗೇ ಮಾಡೋಣ ಎಂದರು.

ಜೂನ್ 13, ಶನಿವಾರ

ಬೆಳಿಗ್ಗೆ ಇವರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ಮೀನಖಂಡ ಕರಗಿ ಮೂಳೆ ಕೈಗೆ ಸಿಗುತ್ತದೆ. ಇವರು ನನ್ನ ಕೈಗಳನ್ನೇ ನೋಡುತ್ತಿದ್ದರು.

"ನಿನ್ನೆ ಎಲ್ಲರ ಮುಂದೆ ಒಂದು ಮಾತು ಹೇಳಕ್ಕಾಗಲಿಲ್ಲ" ಎಂದರು. "ನಿನ್ನ ಜೀವನ ಹಾಳು ಮಾಡಿಬಿಟ್ಟೆ. ಒಂದು ಉಸಿರು ಬಿಟ್ಟಿದ್ರೆ ಸಾಕಿತ್ತು, ಅದೂ ಆಗಲಿಲ್ಲ ನನ್ನ ಕೈಲಿ. ಅವತ್ತು ನೀನು ಅಂದೆಯಲ್ಲ, ಅನುಭವಿಸೋಳು ಯಾರು ಅಂತ. ದಿನಾ ಅದೇ ತಲೇಲಿ ಓಡತ್ತೆ. ನನ್ನ ಕ್ಷಮಿಸ್ತೀಯೇನೇ?"

ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. ಇಪ್ಪತ್ತು ವರ್ಷದಲ್ಲಿ ಅವರು ಹೀಗೆ ಅತ್ತಿದ್ದನ್ನು ನಾನು ನೋಡಿಲ್ಲ.

"ಕ್ಷಮಿಸಿದೀನಿ, ಬಿಡಿ" ಎಂದೆ.

ಅವರು ನನ್ನ ಎಣ್ಣೆ ಕೈಯನ್ನೇ ಎಳೆದು ಮುಖಕ್ಕೆ ಒತ್ತಿಕೊಂಡರು. ನನಗೂ ಮನಸ್ಸು ಹಗುರವಾಯಿತು. ಎಷ್ಟೆಂದರೂ ಗಂಡ. ಒಬ್ಬರು ಮಾಡಿದ ತಪ್ಪನ್ನು ಇನ್ನೊಬ್ಬರು ಎಷ್ಟು ದಿನ ಅಂತ ಮನಸ್ಸಿನಲ್ಲಿ ಇಟ್ಟುಕೊಂಡಿರುವುದು.